ಕೈಯೆತ್ತಿದಾಗ ಕಂಡ ಕೊಡೆ

"ಕೈ ಎತ್ತಪ್ಪ," ಎಂದರು ಅತ್ತೆ.

ಬಾಗಿಲು ಕಾಯುವ ಬೆಟ್ಟ ಎರಡೂ ಕೈ ಮೇಲೆತ್ತಿ ನಿಂತ. ಹೆಸರಿಗೆ ತಕ್ಕ ಆಳು. ಬೆರಳು ನೆಲಮಾಳಿಗೆಯ ಸೂರಿಗೆ ತಾಗಿ ಒಂದಿಷ್ಟು ಸುಣ್ಣ ಅವನ ತಲೆಯ ಮೇಲೇ ಉದುರಿತು.

"ಎರಡೂ ಯಾಕೆ? ನಾನೇನು ದರೋಡೆಗೆ ಬಂದಿದೀನಾ? ಎಡಗೈ ಒಂದು ಸಾಕು. ಕೊನೇ ಹಾಡಲ್ಲಿ ಜನ ಎತ್ತುತಾರಲ್ಲ, ಹಾಗೆ."

ಬೆಟ್ಟ ನಾಚಿಕೊಂಡು ಬಲಗೈ ಇಳಿಸಿದ. ಅತ್ತೆ ಅವನ ಮಣಿಕಟ್ಟನ್ನು ನೋಡಿದರು, ತಮ್ಮ ಕೈಯಲ್ಲಿದ್ದ ಫೋಟೋವನ್ನು ನೋಡಿದರು, ಮತ್ತೆ ಮಣಿಕಟ್ಟನ್ನು ನೋಡಿದರು. ಕನ್ನಡಕ ಹಣೆಗೇರಿತು. ಅದು ಹಣೆಗೇರಿತೆಂದರೆ ಅವರಿಗೆ ಏನೋ ಹೊಳೆಯಿತು ಎಂದೇ ಅರ್ಥ. ಏನೆಂದು ಕೇಳಿದರೆ ಮಾತ್ರ ಬಾಯಿ ಬಿಡುವ ಪೈಕಿಯವರಲ್ಲ.

ಫೋಟೋ ಊರಿಗೆಲ್ಲ ಗೊತ್ತಿದ್ದದ್ದೇ. ಹಿಂದಿನ ಶನಿವಾರ ಇದೇ ನೆಲಮಾಳಿಗೆಯಲ್ಲಿ, ಯಾವ ಪಕ್ಷದ ನೆರಳೂ ನಮಗೆ ಬೇಡ ಎಂದು ಹಟ ಹಿಡಿದಿದ್ದ ಬ್ಯಾಂಡಿನ ಶೋನಲ್ಲಿ, ತುಂಬಿದ ಜನರ ಮಣಿಕಟ್ಟುಗಳ ಮೇಲೆಲ್ಲ ಚುನಾವಣೆಗೆ ನಿಂತ ಅಭ್ಯರ್ಥಿಯೊಬ್ಬನ ಕೊಡೆ ಚಿಹ್ನೆ ಹೊಳೆದಿತ್ತು. ಬೆಳಗಾಗುವಷ್ಟರಲ್ಲಿ ಅದರ ಫೋಟೋ ಎಲ್ಲರ ಮೊಬೈಲಿಗೂ ಬಂದು ಬಿದ್ದಿತ್ತು. ಕೆಳಗೆ ದಪ್ಪ ಅಕ್ಷರದಲ್ಲಿ, "ಹೊಸ ತಲೆಮಾರು ಕೊಡೆಯ ಕೆಳಗೆ."

ಇಂಥ ಶೋಗಳಿಗೆ ಟಿಕೆಟ್ಟು ಗಿಕೆಟ್ಟು ಇಲ್ಲ. ಜಾಗ ಎಲ್ಲೆಂಬುದು ಬಾಯಿಂದ ಬಾಯಿಗೆ ಹರಡಬೇಕು. ಬಂದವರು ಮೊಬೈಲನ್ನು ಬಾಗಿಲಲ್ಲಿ ಗೋಣಿಚೀಲಕ್ಕೆ ಹಾಕಿ ಎಡಗೈ ಚಾಚಿದರೆ, ಬೆಟ್ಟ ಮಣಿಕಟ್ಟಿನ ಒಳಮೈಗೆ ಒಂದು ಮುದ್ರೆ ಒತ್ತುತ್ತಾನೆ. ಆ ಶಾಯಿ ಮಾಮೂಲಿ ಬೆಳಕಿಗೆ ಕಾಣುವುದಿಲ್ಲ. ಕೊನೆಯ ಹಾಡಿಗೆ ದೀಪಗಳೆಲ್ಲ ಆರುತ್ತವೆ, ಗಾಯಕ ವೇದಿಕೆಯಿಂದಿಳಿದು ಜನರ ನಡುವೆ ಸೇರಿಹೋಗುತ್ತಾನೆ, ನೇರಳೆ ದೀಪವೊಂದು ಹತ್ತಿಕೊಳ್ಳುತ್ತದೆ. ಜನ ಕೈಯೆತ್ತುತ್ತಾರೆ, ಎಲ್ಲ ಮಣಿಕಟ್ಟುಗಳಲ್ಲೂ ಬ್ಯಾಂಡಿನ ಗೂಬೆ ಹೊಳೆಯುತ್ತದೆ. ಆ ಹಾಡನ್ನು ಹಾಡುವುದು ಜನರೇ. ಅದನ್ನು ಕೇಳಿ ಅತ್ತವರಿದ್ದಾರಂತೆ.

ಈ ಸಲ ಗೂಬೆ ಇದ್ದ ಕಡೆ ಕೊಡೆ ಇತ್ತು. ನಿಜವಾದ ಗೂಬೆಯನ್ನು ಎಲ್ಲರೂ ಸೇರಿ ಡ್ರಮ್ಮು ಬಾರಿಸುವ ಹುಡುಗಿಯ ತಲೆಯ ಮೇಲೆ ಕೂರಿಸಿದ್ದರು. ಯಾಕೆಂದರೆ ಮುದ್ರೆಯ ಡಬ್ಬಿ ಇರುತ್ತಿದ್ದದ್ದು ಅವಳ ಹತ್ತಿರ, ಅವಳ ಮನೆಯಲ್ಲಿ.

ಅವಳನ್ನು ಬ್ಯಾಂಡಿನವರು ಕರೆಯುವುದು ಗುಡುಗು ಎಂದು. ಅತ್ತೆಗೆ ಅಣ್ಣನ ಮಗಳು. ತಾಯಿಯಿಲ್ಲದ ಮಗುವನ್ನು ಎತ್ತಿ ಆಡಿಸಿ, ಅಡುಗೆಮನೆಯ ಪಾತ್ರೆಗಳನ್ನೆಲ್ಲ ಅವಳ ಕೈಗೆ ಕೊಟ್ಟು, ಅವು ನೆಗ್ಗಿಹೋದ ಮೇಲೆ ಗೊಣಗಿ, ಕೊನೆಗೆ ಡ್ರಮ್ಮು ಕೊಡಿಸು ಎಂದು ಅಣ್ಣನಿಗೆ ದುಂಬಾಲು ಬಿದ್ದವರೇ ಅತ್ತೆ. ಅಣ್ಣನದು ಚಪ್ಪಲಿ ಮಾಡುವ ಅಂಗಡಿ, ಡ್ರಮ್ಮು ಸಾಗಿಸುವುದೂ ಆ ಅಂಗಡಿಯ ವ್ಯಾನಿನಲ್ಲೇ. ಅಂಗಡಿಯ ಮೇಲೆ ಮನೆ. ಮನೆಯ ಮುಂದಿನ ಕೋಣೆಯಲ್ಲಿ ಅತ್ತೆಯ ಪತ್ತೇದಾರಿ ಕಚೇರಿ. ಅಲ್ಲಿ ಕೂತು ಅವರು ಊರವರ ವ್ಯವಹಾರಗಳಲ್ಲಿ ಮೂಗು ತೂರಿಸುತ್ತಾರೆ, ಅದಕ್ಕೇ ಫೀಸನ್ನೂ ತೆಗೆದುಕೊಳ್ಳುತ್ತಾರೆ.

ಆದರೆ ಈ ಕೆಲಸಕ್ಕೆ ಫೀಸು ಕೊಡುವವರಿರಲಿಲ್ಲ. ಇವತ್ತು ಸಂಜೆಯ ಶೋಗೆ ಬಾಗಿಲು ತೆಗೆದಾಗ, ಗಾಯಕ ವೇದಿಕೆಯ ಮೇಲಿಂದಲೇ ಗುಡುಗಿನ ಹೆಸರು ಹೇಳಿ, ಇವಳು ನಮ್ಮನ್ನು ಮಾರಿದಳು, ಇನ್ನು ನಮ್ಮವಳಲ್ಲ ಎನ್ನುವವನಿದ್ದ. ಹಾಗೆ ಹೇಳಿಸಿಕೊಂಡವರಿಗೆ ಈ ಊರಿನ ಯಾವ ನೆಲಮಾಳಿಗೆಯ ಬಾಗಿಲೂ ತೆರೆಯುವುದಿಲ್ಲ. ಮಧ್ಯಾಹ್ನ ಆಗಲೇ ಜಾರಿತ್ತು.

ಗುಡುಗು ಗೋಡೆಗೆ ಒರಗಿಸಿದ ಹಾಸಿಗೆಗಳ ಕೆಳಗೆ ಕೂತು ಮಂಡಿಯ ಮೇಲೆ ಬೆರಳಿನಿಂದ ತಾಳ ಕುಟ್ಟುತ್ತಿದ್ದಳು. ಮೇಲೆ ಇದ್ದ ಪೀಠೋಪಕರಣದ ಅಂಗಡಿ ಮುಚ್ಚಿಹೋದಾಗ ಬಿಟ್ಟುಹೋದ ಹಾಸಿಗೆಗಳವು. ಸದ್ದು ಬೀದಿಗೆ ಹೋಗದಿರಲೆಂದು ಬ್ಯಾಂಡಿನವರು ಸುತ್ತಲೂ ನಿಲ್ಲಿಸಿದ್ದರು. ಒಂದೊಂದರ ಮೇಲೂ ಬೆಲೆಯ ಚೀಟಿ ಇನ್ನೂ ನೇತಾಡುತ್ತಿತ್ತು.

"ಬೆಟ್ಟ, ಗೂಬೆ ಮುದ್ರೆ ಕೈಯೆತ್ತಿದಾಗ ಹೇಗೆ ಕಾಣತ್ತೆ?"

"ತಲೆಕೆಳಗೆ ಕಾಣತ್ತಮ್ಮ," ಎಂದ ಬೆಟ್ಟ, ಇದೂ ಒಂದು ಪ್ರಶ್ನೆಯೇ ಎಂಬಂತೆ. ಅವನು ಎದುರಿಗೆ ನಿಂತು ಒತ್ತುತ್ತಾನೆ. ಅವನ ಕಣ್ಣಿಗೆ ನೆಟ್ಟಗಿದ್ದದ್ದು ಬಂದವರು ಕೈಯೆತ್ತಿದಾಗ ಉಲ್ಟಾ ಆಗುತ್ತದೆ. ಗೂಬೆ ಕಾಲು ಮೇಲಾಗಿ ಜೋತುಬೀಳುತ್ತದೆ. ಅದಕ್ಕೇ ಅಭಿಮಾನಿಗಳು ತಮ್ಮನ್ನು ಬಾವಲಿಗಳು ಎಂದು ಕರೆದುಕೊಳ್ಳುವುದು. ಸರಿಮಾಡೋಣವೇ ಎಂದು ಒಮ್ಮೆ ಕೇಳಿದಾಗ, ಬೇಡವೇ ಬೇಡ ಎಂದು ಗಲಾಟೆ ಮಾಡಿದ್ದರಂತೆ.

"ಹಾಗಿದ್ರೆ ಇದನ್ನ ನೋಡು." ಅತ್ತೆ ಫೋಟೋವನ್ನು ಅವನ ಮೂಗಿನ ಹತ್ತಿರ ಹಿಡಿದರು.

ಬೆಟ್ಟ ನೋಡಿದ. ಅವನ ಬಾಯಿ ನಿಧಾನವಾಗಿ ತೆರೆದುಕೊಂಡಿತು. ಎತ್ತಿದ ಕೈಗಳ ಕಾಡಿನಲ್ಲಿ ಒಂದೊಂದು ಕೊಡೆಯೂ ನೆಟ್ಟಗೆ, ಹಿಡಿ ಕೆಳಗಾಗಿ, ಮಳೆಗೆ ಬಿಚ್ಚಿ ಹಿಡಿದ ಹಾಗೆ ನಿಂತಿತ್ತು.

ಇಷ್ಟು ದಿನ ಊರಿಗೆ ಊರೇ ಆ ಫೋಟೋ ನೋಡಿತ್ತು. ಬೈಯುವುದರಲ್ಲಿ ಎಲ್ಲರೂ ಎಷ್ಟು ಮುಳುಗಿದ್ದರೆಂದರೆ ಇದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಮುದ್ರೆಯನ್ನು ತರಿಸಿದರು. ಹಳೆಯ ಮರದ ಹಿಡಿ, ಒಂದು ಮಗ್ಗುಲಿಗೆ ಹಿತ್ತಾಳೆಯ ಸಣ್ಣ ಮೊಳೆ. ಒತ್ತುವಾಗ ಮೊಳೆ ಇರುವ ಕಡೆ ಮೇಲೆ ಬರಬೇಕು. ಅರೆಗತ್ತಲಲ್ಲಿ ಬೆಟ್ಟ ಹೆಬ್ಬೆರಳಿನಿಂದ ಅದನ್ನು ತಡವಿಕೊಂಡೇ ಕೆಲಸ ಮಾಡುತ್ತಾನೆ. ಹಿಡಿ ಅದೇ, ಮೊಳೆ ಅದೇ. ಗೂಬೆಯ ರಬ್ಬರನ್ನು ಕಿತ್ತು ಅಲ್ಲಿ ಕೊಡೆಯ ರಬ್ಬರನ್ನು, ಕೊಡೆಯ ತುದಿ ಮೊಳೆಗೆ ಬೆನ್ನು ಹಾಕುವಂತೆ, ಅಂಟಿಸಲಾಗಿತ್ತು. ಅಂಚುಗಳನ್ನು ಕೊರೆದ ಕೈ ಒಂದಿಷ್ಟೂ ನಡುಗಿರಲಿಲ್ಲ.

ಅತ್ತೆಗೆ ಖುಷಿಯಾಯಿತು. ಅದನ್ನು ಬಚ್ಚಿಡುವ ಗೋಜಿಗೂ ಅವರು ಹೋಗಲಿಲ್ಲ. ಹೊರಗಿನ ಪ್ರಚಾರದವನಾಗಿದ್ದರೆ ರಬ್ಬರನ್ನು ನೆಟ್ಟಗೆ ಅಂಟಿಸಿ, ಫೋಟೋದಲ್ಲಿ ತಲೆಕೆಳಗಾದ ಕೊಡೆ ನೋಡಿ ಹಣೆ ಚಚ್ಚಿಕೊಳ್ಳುತ್ತಿದ್ದ. ಇದು ಕೊನೆಯ ಹಾಡನ್ನು ಕಣ್ಣಾರೆ ಕಂಡವರ ಕೆಲಸ. ಬಾವಲಿಗಳೇಕೆ ಬಾವಲಿಗಳು ಎಂಬುದು ಗೊತ್ತಿದ್ದವರ ಕೆಲಸ.

"ಇದರ ಘಾಟು ಮಾತ್ರ ತಡೆಯಕ್ಕಾಗಲ್ಲಮ್ಮ," ಎಂದು ಬೆಟ್ಟ ಮೂಗು ಮುಚ್ಚಿಕೊಂಡ. ಹಗಲು ಹೊತ್ತು ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವನು, ವಾಸನೆಯ ವಿಷಯದಲ್ಲಿ ಬಲು ನಾಜೂಕು. "ಎಂಥದೋ ಅಂಟು. ಅವತ್ತೂ ತಲೆನೋವು ಬಂದಿತ್ತು."

ಅತ್ತೆ ಮುದ್ರೆಯನ್ನು ಮೂಸಿದರು. ಏನೂ ಬರಲಿಲ್ಲ. ಇನ್ನೊಮ್ಮೆ ಮೂಸಿದರು. ಗುಡುಗಿನ ಕಡೆ ಚಾಚಿದರು.

"ನಂಗೂ ಏನೂ ಬರ್ತಿಲ್ಲ ಅತ್ತೆ," ಎಂದಳು ಅವಳು.

ಬೆಟ್ಟ ಇಬ್ಬರ ಮುಖವನ್ನೂ ಮಿಕಮಿಕ ನೋಡಿದ. ಇಲ್ಲದ ವಾಸನೆಯನ್ನು ಇದೆ ಎನ್ನುತ್ತಿರುವ ಇವನ ಮೇಲೊಂದು ಕಣ್ಣಿಡಬೇಕು ಎಂದು ಅತ್ತೆ ಮನಸ್ಸಿನಲ್ಲೇ ಗಂಟು ಹಾಕಿಕೊಂಡರು.

ಅಷ್ಟರಲ್ಲಿ ಗಾಯಕ ಇಳಿದು ಬಂದ. ಗೊಗ್ಗರು ದನಿಯವನಾದ್ದರಿಂದ ಅವನಿಗೆ ಗೊಗ್ಗರ ಎಂದೇ ಹೆಸರು. ಭುಜದ ಮೇಲೆ ಗಿಟಾರು, ಮುಖದ ಮೇಲೆ ನಿದ್ದೆಗೆಟ್ಟ ಕಪ್ಪು. ಗುಡುಗಿನ ಕಡೆ ತಿರುಗಿಯೂ ನೋಡಲಿಲ್ಲ. ಅತ್ತೆಗೆ ಮಾತ್ರ ತಲೆಬಾಗಿ, ದೊಡ್ಡವರು, ನಿಮಗೆ ಬೇಜಾರು ಮಾಡೋದು ನನಗಿಷ್ಟವಿಲ್ಲ, ಆದರೆ ಸಂಜೆಯ ಮಾತಿನಲ್ಲಿ ಬದಲಾವಣೆ ಇಲ್ಲ ಎಂದ. ಅತ್ತೆ ವೇದಿಕೆಯ ಮೇಲಿಟ್ಟಿದ್ದ ಮುದ್ರೆಯ ಹತ್ತಿರ ಬಂದವನು ಮೂಗು ಸಿಂಡರಿಸಿ, ಇದೇನು ನಾತ ಎಂದು ಹಿಂದೆ ಸರಿದ.

ಇವನೂ ಅದನ್ನೇ ಹೇಳಬೇಕೆ? ಇಬ್ಬರೂ ಸೇರಿ ಪಾಠ ಒಪ್ಪಿಸುತ್ತಿದ್ದಾರೋ ಹೇಗೆ ಎಂದು ಅತ್ತೆ ಕಣ್ಣು ಕಿರಿದು ಮಾಡಿದರು.

"ಒಂದು ವಿಷಯ ಕೇಳ್ತೀನಿ," ಎಂದರು. "ಮೊಬೈಲೆಲ್ಲ ಗೋಣಿಚೀಲದಲ್ಲಿತ್ತು. ಈ ಫೋಟೋ ತೆಗೆದೋರು ಯಾರು?"

ಗೊಗ್ಗರ ಈ ಪ್ರಶ್ನೆಗೇ ಕಾದಿದ್ದವನಂತೆ ಫೋಟೋದ ಮೂಲೆಗೆ ಬೆರಳಿಟ್ಟ. ಅಲ್ಲಿ ಕೆಳಗೆ ಹಿತ್ತಾಳೆಯ ಒಂದು ಅಂಚು ಮಂಕಾಗಿ ಹೊಳೆಯುತ್ತಿತ್ತು. ಡ್ರಮ್ಮಿನ ತಟ್ಟೆ.

"ಮುದ್ರೆ ಡಬ್ಬಿ ಅವಳ ಹತ್ರ. ನೇರಳೆ ದೀಪದ ಸ್ವಿಚ್ಚು ಅವಳ ಕಾಲ ಬುಡದಲ್ಲಿ. ಫೋಟೋನೂ ಅವಳ ಜಾಗದಿಂದ. ಇನ್ನೇನು ಬೇಕು ನಿಮಗೆ?"

ಗುಡುಗಿನ ಬೆರಳು ಮಂಡಿಯ ಮೇಲೆ ನಿಂತುಹೋಯಿತು. ಆದರೆ ಅತ್ತೆ ಕರಗಿ ಕೂರುವ ಸಮಯ ಅದಲ್ಲ.

ಕೊನೆಯ ಹಾಡಿನಲ್ಲಿ ತಾಳ ನಿಂತಿತ್ತೇ ಎಂದು ಅವರು ಕೇಳಿದರು. ಇಲ್ಲ ಎಂದು ಬೆಟ್ಟನೇ ತಲೆಯಲ್ಲಾಡಿಸಿದ. ಅವಳ ತಾಳ ಹಿಡಿದುಕೊಂಡೇ ಜನ ಹಾಡುವುದು, ಒಂದು ಪೆಟ್ಟು ತಪ್ಪಿದರೂ ಹಾಡು ಚೆಲ್ಲಾಪಿಲ್ಲಿ. ಎರಡು ಕೈಯಲ್ಲೂ ಕೋಲು ಹಿಡಿದವಳು ಫೋಟೋ ತೆಗೆಯಲು ಮೂರನೇ ಕೈಯನ್ನು ಯಾರಿಂದ ಸಾಲ ತಂದಳು? ಅತ್ತೆ ಎದ್ದು ಹೋಗಿ ಡ್ರಮ್ಮು ಇಡುವ ಜಾಗದಲ್ಲಿ ನಿಂತರು. ಜಾಗ ಖಾಲಿಯಿತ್ತು, ಡ್ರಮ್ಮು ಇನ್ನೂ ಬಂದಿರಲಿಲ್ಲ. ಫೋಟೋ ಹಿಡಿದು, ಒಂದು ಹೆಜ್ಜೆ ಹಿಂದೆ ಸರಿದರು, ಇನ್ನೊಂದು ಹೆಜ್ಜೆ. ಬೆನ್ನಿಗೆ ಬಾಗಿಲು ತಾಗಿತು.

"ಇಲ್ಲಿಂದ," ಎಂದರು. "ಹಿಂಬಾಗಿಲಲ್ಲಿ ನಿಂತು, ಗುಡುಗಿನ ತಲೆಯ ಮೇಲಿಂದ ತೆಗೆದಿರೋದು."

ಸಾಮಾನು ಇಳಿಸಿದ ಮೇಲೆ ಆ ಬಾಗಿಲಿಗೆ ಚಿಲಕ ಹಾಕುವ ಪದ್ಧತಿಯೇ ಇಲ್ಲವೆಂದು ಬೆಟ್ಟ ಗಂಟಲಲ್ಲೇ ಒಪ್ಪಿಕೊಂಡ. ಮತ್ತೆ ಹೇಗೂ ಹೊರಗೆ ಸಾಗಿಸಬೇಕಲ್ಲ.

ಈಗ ಅತ್ತೆ ಗೊಗ್ಗರನ ಎದುರಿಗೇ ಬಂದು ಕೂತರು. ಕೊಡೆಯವರ ಪ್ರಚಾರದ ಮುಖ್ಯಸ್ಥ ನಿನ್ನ ಬಳಿ ಬಂದಿದ್ದನಂತಲ್ಲ ಎಂದು, ಕಾಫಿ ಆಯಿತೇ ಎಂದು ಕೇಳುವ ದನಿಯಲ್ಲಿ ಕೇಳಿದರು. ಅದು ಬರೀ ಊಹೆ, ಕತ್ತಲಲ್ಲಿ ಎಸೆದ ಕಲ್ಲು. ಕಲ್ಲು ಗುರಿಗೆ ತಾಗಿತು. ಗೊಗ್ಗರ ಗಿಟಾರನ್ನು ಕೆಳಗಿಟ್ಟ.

"ಯಾರು ಹೇಳಿದ್ರು?"

"ನೀನೇ. ಈಗ ತಾನೆ."

ಅವನು ಒಪ್ಪಿಕೊಂಡ. ಎರಡು ಸಲ ಬಂದಿದ್ದರಂತೆ. ದೊಡ್ಡ ಮೈದಾನದಲ್ಲಿ ಶೋ, ದೊಡ್ಡ ದೀಪಗಳು, ಪೊಲೀಸರೇ ಕಾವಲು. ಮಾತಾಡಬೇಕಿಲ್ಲ, ವೇದಿಕೆಯ ಮೇಲೆ ಒಂದೇ ಒಂದು ಸಲ ಕೊಡೆ ಬಿಚ್ಚಿದರೆ ಸಾಕು ಎಂದಿದ್ದರಂತೆ.

"ನೀನು ಏನಂದೆ?"

"ಯೋಚನೆ ಮಾಡಿ ಹೇಳ್ತೀನಿ ಅಂದೆ." ದನಿ ಇನ್ನಷ್ಟು ಗೊಗ್ಗರಾಯಿತು. "ಆಕಾಶ ಕಾಣೋ ಜಾಗದಲ್ಲಿ ಒಂದೇ ಒಂದ್ಸಲ ಹಾಡಬೇಕು ಅಂತ ಆಸೆ ಇತ್ತಮ್ಮ. ಎಷ್ಟು ವರ್ಷ ಈ ಹಾಸಿಗೆಗಳ ಮುಖ ನೋಡ್ಕೊಂಡು ಹಾಡೋದು?"

ಗುಡುಗು ತಲೆ ಎತ್ತಿ ಅವನನ್ನೇ ನೋಡಿದಳು. ಅವಳ ಮೇಲೆ ಮಾರಾಟದ ಆಪಾದನೆ ಹೊರಿಸಿದವನು ತಾನೇ ಬೆಲೆ ವಿಚಾರಿಸಿ ಬಂದಿದ್ದ. ಆದರೆ ಅವಳ ಮುಖದಲ್ಲಿ ಸಿಟ್ಟಿಗಿಂತ ಮರುಕವೇ ಹೆಚ್ಚಿತ್ತು. ಅತ್ತೆಗೆ ಅದು ಹೆಮ್ಮೆಯೆನಿಸಿತು.

"ಆಮೇಲೆ ಆಗಲ್ಲ ಅಂದೆ," ಎಂದ ಗೊಗ್ಗರ. "ಆಣೆ ಇಟ್ಟು ಹೇಳ್ತೀನಿ, ಆಗಲ್ಲ ಅಂತಾನೇ ಅಂದೆ. ಆತ ನಕ್ಕುಬಿಟ್ಟ. ನೀವು ಬರದಿದ್ರೆ ಏನಂತೆ, ನಿಮ್ಮ ಕಡೆಯೋರು ಒಬ್ಬರು ಆಗಲೇ ನಮ್ಮ ಜೊತೆ ಇದಾರೆ ಅಂದ. ಡಬ್ಬಿ ಇವಳ ಹತ್ರ ಇತ್ತು. ನಾನು ಇನ್ನೇನು ಅಂದ್ಕೋಬೇಕು?"

ಅತ್ತೆ ತಮ್ಮ ಬಟ್ಟೆಚೀಲವನ್ನು ತೊಡೆಯ ಮೇಲೆ ಎಳೆದುಕೊಂಡು ಅದರಿಂದ ನೀರಿನ ಬಾಟಲಿ ತೆಗೆದು ಒಂದು ಗುಟುಕು ಕುಡಿದರು. ತರಕಾರಿ ತರುವ ಹಳೇ ಬಿಳಿ ಚೀಲ. ಅಂಗಡಿಯ ಮೆಟ್ಟಿಲ ಬಳಿ ಮೊಳೆಗೆ ನೇತುಹಾಕಿರುತ್ತಾರೆ, ಮನೆಯಿಂದ ಹೊರಡುವವರು ಎತ್ತಿಕೊಳ್ಳುತ್ತಾರೆ. ಕೇಸಿಗೆ ಹೊರಟರೂ ಅತ್ತೆಗೆ ಅದೇ ಚೀಲ.

"ಕಾಣದ ಶಾಯಿ," ಎಂದರು ಅವರು ಕೊನೆಗೆ. "ಹೊಸ ಮುದ್ರೆ ಕೊರೆದೋರು ಸರಿಯಾಗಿ ಬಂತಾ ಅಂತ ಒತ್ತಿ ನೋಡದೇ ಇರಕ್ಕಾಗಲ್ಲ. ನೋಟು ಪರೀಕ್ಷೆ ಮಾಡೋ ಸಣ್ಣ ನೇರಳೆ ದೀಪ ಯಾವ ಅಂಗಡೀಲೂ ಸಿಗತ್ತೆ. ಒತ್ತಿ, ನೋಡಿ, ತಿದ್ದಿ, ಮತ್ತೆ ಒತ್ತಿರ್ತಾರೆ. ಆ ಶಾಯಿ ಬೇಗ ಹೋಗಲ್ಲ ತಾನೆ?"

ವಾರಗಟ್ಟಲೆ ಹೋಗುವುದಿಲ್ಲ ಎಂದ ಬೆಟ್ಟ. ಬಾವಲಿಗಳಿಗೆ ಅದೇ ಒಂದು ಹೆಮ್ಮೆ. ಬ್ಯಾಂಡಿನವರಿಗೆ ಮಾತ್ರ ಯಾವತ್ತೂ ಮುದ್ರೆ ಒತ್ತಿದ್ದಿಲ್ಲ. ಮುಖವೇ ಗೊತ್ತಿರುವಾಗ ಮುದ್ರೆ ಯಾಕೆ?

"ಅದಕ್ಕೇ ಹೇಳಿದ್ದು. ಮುದ್ರೆ ಇರಬಾರದ ಕೈಯಲ್ಲಿ ಮುದ್ರೆ ಇದ್ರೆ, ಕೇಸು ಮುಗೀತು. ಬನ್ನಿ ಎಲ್ಲರೂ. ಗುಡುಗು, ದೀಪ ಹಾಕಮ್ಮ."

ಗೊಗ್ಗರ ಯಾಕೋ ಮೊದಲು ತಾನೇ ಬಂದ. ತೋಳು ಮೊಣಕೈವರೆಗೂ ಮಡಚಿ ನಿಂತ. ಬೆಟ್ಟ ತನ್ನ ಅಗಲವಾದ ಅಂಗೈಗಳನ್ನು ಚಾಚಿದ. ಗುಡುಗು ಎದ್ದು ಹೋಗಿ ತನ್ನ ಖಾಲಿ ಜಾಗದಲ್ಲಿ ನಿಂತು, ಮಾಮೂಲಿ ದೀಪ ಆರಿಸಿ, ಕಾಲಿನಿಂದ ಸ್ವಿಚ್ಚು ಒತ್ತಿದಳು.

ನೆಲಮಾಳಿಗೆ ನೇರಳೆಯಾಯಿತು. ಹಾಸಿಗೆಗಳ ಬೆಲೆಚೀಟಿಗಳು ಹಲ್ಲು ಕಿರಿದಂತೆ ಬೆಳ್ಳಗೆ ಹೊಳೆದವು. ಬೆಟ್ಟನ ಹೆಬ್ಬೆರಳಿಗೆ ಮೆತ್ತಿಕೊಂಡಿದ್ದ ಶಾಯಿ ಮಿನುಗಿತು, ಅದು ಇರಬೇಕಾದದ್ದೇ. ಗೊಗ್ಗರನ ಕೈ, ಅಂಗೈ, ಮಣಿಕಟ್ಟು, ಮೊಣಕೈ, ಎಲ್ಲವನ್ನೂ ಅತ್ತೆ ಬಗ್ಗಿ ಬಗ್ಗಿ ನೋಡಿದರು. ಒಂದು ಚುಕ್ಕೆಯೂ ಇಲ್ಲ. ಅವನು ದೊಡ್ಡದಾಗಿ ಉಸಿರು ಬಿಟ್ಟು, ಕಣ್ಣು ಮುಚ್ಚಿಕೊಂಡು ಹಾಸಿಗೆಗೆ ಒರಗಿದ. ಬೆಟ್ಟ ತನ್ನ ಹೆಬ್ಬೆರಳನ್ನೇ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದ.

"ನೀನೂ ಬಾ," ಎಂದು ಅತ್ತೆ ಅಣ್ಣನ ಮಗಳ ಕಡೆ ತಿರುಗಿದರು.

ಗುಡುಗು ಬರಲಿಲ್ಲ. ಅವಳು ಅತ್ತೆಯ ಮುಖವನ್ನು ನೋಡುತ್ತಿರಲಿಲ್ಲ. ತೊಡೆಯ ಕಡೆ ನೋಡುತ್ತಿದ್ದಳು.

ಅತ್ತೆ ತಲೆ ತಗ್ಗಿಸಿದರು.

ಬಟ್ಟೆಚೀಲದ ಮೇಲೆ ಕೊಡೆಗಳು ಹೊಳೆಯುತ್ತಿದ್ದವು. ಹಿಡಿಕೆಯ ಹತ್ತಿರದವು ಮಸುಕು ಮಸುಕು, ಒಂದಕ್ಕೆ ತುದಿಯಿಲ್ಲ, ಇನ್ನೊಂದಕ್ಕೆ ಹಿಡಿಯಿಲ್ಲ. ಕೆಳಕೆಳಗೆ ಬಂದಂತೆ ತಿದ್ದಿ ತಿದ್ದಿ ಸರಿಯಾದವು. ಪ್ರತಿಯೊಂದರ ಪಕ್ಕದಲ್ಲೂ ಮೊಳೆಯ ಕಡೆ ಯಾವುದೆಂದು ಶಾಯಿಯಲ್ಲೇ ಒಂದು ಗೆರೆ. ಮೊದಲು ಮೊಳೆ ಮೇಲೆ, ಕೊಡೆಯ ತುದಿಯೂ ಮೇಲೆ. ಆಮೇಲೆ ಮೊಳೆ ಮೇಲೆ, ಕೊಡೆಯ ತುದಿ ಕೆಳಗೆ. ಕೈಯೆತ್ತಿದರೆ ಏನಾದೀತೆಂದು ಯಾರೋ ಕೂತು ಸಾವಧಾನವಾಗಿ ಯೋಚಿಸಿದ್ದರು. ಆ ಚೀಲ ನೇತಾಡುವ ಮೊಳೆಯ ಕೆಳಗೆ ಕೂತು.

ಆಗ ಆ ಇನ್ನೊಂದು ವಿಷಯವೂ ತಾನಾಗಿ ಬಂದು ಕೂತುಕೊಂಡಿತು. ಊರಿಗೆಲ್ಲ ಹೊಡೆಯುವ ಅಂಟಿನ ಘಾಟು ತಮಗೂ ಗುಡುಗಿಗೂ ಮಾತ್ರ ಯಾಕೆ ಬರಲಿಲ್ಲ? ಹಗಲೂ ರಾತ್ರಿ ಅದನ್ನೇ ಉಸಿರಾಡುವ ಮನೆಯವರಿಗೆ ಅದು ವಾಸನೆಯೇ ಅಲ್ಲ. ಗಿರಾಕಿಗಳು ಮೆಟ್ಟಿಲು ಹತ್ತುವಾಗ ಮೂಗಿಗೆ ಕರವಸ್ತ್ರ ಹಿಡಿದರೆ, ಜನ ಎಷ್ಟು ನಾಜೂಕಪ್ಪ ಎಂದು ಅತ್ತೆಯೇ ನಕ್ಕವರು. ರಬ್ಬರು ಕೊರೆಯುವ ಕೈ. ಗಲ್ಲಾಪೆಟ್ಟಿಗೆಯ ಪಕ್ಕದ ಸಣ್ಣ ನೇರಳೆ ದೀಪ. ಕೊನೆಯ ಹಾಡಿನ ಹೊತ್ತಿಗೆ ವ್ಯಾನು ತಂದು, ಡ್ರಮ್ಮು ಸಾಗಿಸಲು ಹಿಂಬಾಗಿಲಲ್ಲಿ ಕಾದು ನಿಲ್ಲುವ ಅಣ್ಣ. ರಾಜಕೀಯದ ಮಾತೆತ್ತಿದರೆ ಎದ್ದು ಹೋಗುವ ಅಣ್ಣ. ಅವನಿಗೆ ಕೊಡೆ ಯಾಕೆ ಬೇಕಾಯಿತು? ಮಗಳ ಡ್ರಮ್ಮು ದೊಡ್ಡ ಮೈದಾನದಲ್ಲಿ ಮೊಳಗಲಿ ಎಂದೇ?

ತಟ್ಟನೆ ದೀಪ ಆರಿತು.

"ಏನಾಯ್ತು?" ಎಂದ ಗೊಗ್ಗರ ಕತ್ತಲಲ್ಲಿ. "ಕರೆಂಟ್ ಹೋಯ್ತಾ?"

ಒಂದು ತಣ್ಣಗಿನ ಕೈ ಬಂದು ಅತ್ತೆಯ ತೊಡೆಯ ಮೇಲಿದ್ದ ಚೀಲವನ್ನು ಮಡಚಿತು, ಇನ್ನೊಮ್ಮೆ ಮಡಚಿತು, ಅತ್ತೆಯ ಕೈಗೇ ತುರುಕಿತು. ಚಿಕ್ಕವಳಾಗಿದ್ದಾಗ ಒಡೆದ ಲೋಟವನ್ನು ಅತ್ತೆಯ ಸೆರಗಿನಲ್ಲಿ ಬಚ್ಚಿಡುತ್ತಿದ್ದ ಅದೇ ಕೈ.

ಇಷ್ಟು ವರ್ಷದ ಕಸುಬಿನಲ್ಲಿ ಅತ್ತೆ ಒಂದು ಸಾಕ್ಷಿಯನ್ನೂ ಮುಚ್ಚಿಟ್ಟವರಲ್ಲ. ಚೀಲವನ್ನು ಎದೆಗೊತ್ತಿ ಹಿಡಿದುಕೊಂಡರು.

"ದೀಪ ನಾನೇ ಆರಿಸಿದೆ," ಎಂದಳು ಗುಡುಗು. "ಕೈ ನೋಡೋದು ಬೇಡ. ಆ ಮುದ್ರೆ ಮಾಡಿದ್ದು ನಾನು. ಸಂಜೆ ನೀನು ಹೇಳೋದಿರಲಿ, ನಾನೇ ಜನರ ಮುಂದೆ ನಿಂತು ಹೇಳ್ತೀನಿ."

ಅದು ಸುಳ್ಳೆಂದು ಅತ್ತೆಗೆ ಎಷ್ಟು ಗೊತ್ತಿತ್ತೋ, ಅದನ್ನು ಸುಳ್ಳೆನ್ನಲು ತಮಗೆ ಬಾಯಿ ಬರುವುದಿಲ್ಲ ಎಂಬುದೂ ಅಷ್ಟೇ ಗೊತ್ತಿತ್ತು. ಬಾಯಿ ತೆರೆದರೆ ಅಣ್ಣ ಹೋದ, ಮುಚ್ಚಿದರೆ ಮಗಳು.

ಹಿಂಬಾಗಿಲಿನ ಆಚೆ, ಮೆಟ್ಟಿಲ ಮೇಲೆ, ಏನೋ ಭಾರವಾದದ್ದು ಗೋಡೆಗೆ ತಾಗಿ ಮೆಲ್ಲಗೆ ಮೊರೆಯಿತು. ದೊಡ್ಡ ಡ್ರಮ್ಮು. ಇಳಿದು ಬರುತ್ತಿದ್ದ ಹೆಜ್ಜೆಗಳು ಬಾಗಿಲ ಹತ್ತಿರ ಬಂದು ಆಗಲೇ ನಿಂತಿದ್ದವು. ಎಷ್ಟು ಹೊತ್ತಿನಿಂದಲೋ. ಮಗಳ ಮಾತು ಆ ಬಾಗಿಲ ಆಚೆಗೂ ಚೆನ್ನಾಗಿ ಕೇಳಿಸುವಂತಿತ್ತು.

"ಅಣ್ಣಾ," ಎಂದು ಅತ್ತೆ ಕರೆದರು.

ಡ್ರಮ್ಮನ್ನು ನೆಲಕ್ಕಿಟ್ಟ ಸದ್ದು. ಆಮೇಲೆ ಹೆಜ್ಜೆಗಳು, ಮೊದಲು ನಿಧಾನವಾಗಿ, ಆಮೇಲೆ ಬೇಗ ಬೇಗ, ಮೆಟ್ಟಿಲು ಹತ್ತಿ ಹೋದವು. ಬೀದಿಯಲ್ಲಿ ಚಪ್ಪಲಿ ಅಂಗಡಿಯ ವ್ಯಾನು ಕೆಮ್ಮಿ ಕೆಮ್ಮಿ ಸ್ಟಾರ್ಟಾಯಿತು. ಅದು ಮನೆಯ ಕಡೆಗೆ ತಿರುಗಲಿಲ್ಲ. ಕೊಡೆಯವರ ಧ್ವನಿವರ್ಧಕ ಮೊಳಗುತ್ತಿದ್ದ ಮೈದಾನದ ಕಡೆಗೆ ಹೊರಟಿತು.